75 ಸೆಂಟ್ಸ್ ಪುಸ್ತಕ ಮತ್ತು ಒಂದು ಕೌಂಟರ್: ಅಪ್ಪನ ಜೊತೆ ಸಿಟಿ ಲೈಟ್ಸ್ ಅಂಗಡಿಗೆ

ಇದು ಒಂದು ಪುಸ್ತಕದಂಗಡಿಯ ರಿವ್ಯೂ. ಮಧ್ಯೆ ಮಧ್ಯೆ ಪೊಲೀಸರು, ಜಡ್ಜ್, ಸುಪ್ರೀಂ ಕೋರ್ಟ್ ಎಲ್ಲ ಬರ್ತಾರೆ, ಗಾಬರಿ ಆಗಬೇಡಿ. ಅಂಗಡಿಯೇ ಅಂಥದ್ದು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಹನ್ನೊಂದು ವರ್ಷವಾಯಿತು. ಊರಿಂದ ಯಾರೇ ಬರಲಿ, ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದೊಯ್ದು ಗೋಲ್ಡನ್ ಗೇಟ್ ಸೇತುವೆ ತೋರಿಸಿ, ಆ ಸುತ್ತಿ ಸುತ್ತಿ ಇಳಿಯುವ ರಸ್ತೆ ತೋರಿಸಿ, ಪಿಯರ್ 39ರಲ್ಲಿ ಬಿದ್ದುಕೊಂಡಿರುವ ಕಡಲಸಿಂಹ ತೋರಿಸಿ ವಾಪಸ್ ಕರೆತರುವುದೇ ನನ್ನ ಅಭ್ಯಾಸ. ಈ ಸಲ ಅಪ್ಪ ಬಂದರು. ಹಾಸನದ ಕಡೆ ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ರಿಟೈರ್ ಆದವರು. ಸೇತುವೆ ನೋಡಿ "ಚೆನ್ನಾಗಿದೆ" ಅಂದರು, ಅಷ್ಟೇ. ಕಡಲಸಿಂಹಕ್ಕೆ ಅದೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಅಲ್ಲಾ ಕಣೇ, ಇಷ್ಟು ದೊಡ್ಡ ಊರಲ್ಲಿ ಒಂದು ಪುಸ್ತಕದಂಗಡಿ ಇಲ್ವಾ?"

ಹಾಗಾಗಿ ಶನಿವಾರ ಬೆಳಗ್ಗೆ ಸಿಟಿ ಲೈಟ್ಸ್‌ಗೆ ಹೊರಟೆವು. ವಿಳಾಸ 261 ಕೊಲಂಬಸ್ ಅವೆನ್ಯೂ, ನಾರ್ತ್ ಬೀಚ್. ದಯವಿಟ್ಟು ಕಾರಲ್ಲಿ ಹೋಗಬೇಡಿ. ಹಿಂದೊಮ್ಮೆ ಹೋಗಿ ಹತ್ತಿರದ ಒಂದು ಪಾರ್ಕಿಂಗ್‌ನಲ್ಲಿ ಮೂರು ಗಂಟೆಗೆ ಕೊಟ್ಟ ದುಡ್ಡಿನಲ್ಲಿ ನಾಲ್ಕು ಪುಸ್ತಕ ಬರುತ್ತಿತ್ತು, ಈಗಲೂ ಹೊಟ್ಟೆ ಉರಿಯುತ್ತೆ. ಬಾರ್ಟ್ (ಇಲ್ಲಿನ ಲೋಕಲ್ ರೈಲು) ಹತ್ತಿ, ಮಾಂಟ್ಗೊಮರಿ ಸ್ಟೇಷನ್ನಿನಲ್ಲಿ ಇಳಿದು, ಆ ಚೂಪು ಪಿರಮಿಡ್ ಕಟ್ಟಡದ ಪಕ್ಕದಿಂದ ನಡೆದುಬಿಡಿ. ಆರಾಮಾಗಿ ಇಪ್ಪತ್ತು ನಿಮಿಷ.

ಅಂಗಡಿಗೆ ಹೋಗುವ ಮೊದಲು ಆ ಸರ್ಕಲ್ ನೋಡಬೇಕು. ಕೊಲಂಬಸ್ ಮತ್ತು ಬ್ರಾಡ್‌ವೇ ಸೇರುವ ಜಾಗ. ಒಂದು ಕಡೆ ಪುಸ್ತಕದಂಗಡಿ. ರಸ್ತೆ ದಾಟಿದರೆ ಕಾಂಡೋರ್ ಕ್ಲಬ್. 1964ರ ಜೂನ್‌ನಲ್ಲಿ ಕ್ಯಾರೊಲ್ ಡೋಡಾ ಎಂಬಾಕೆ ಅಲ್ಲಿ ಎದೆ ತೆರೆದು ಕುಣಿದು ಅಮೆರಿಕದಲ್ಲೆಲ್ಲ ಸುದ್ದಿಯಾದಳು. ಮರುವರ್ಷ ಪೊಲೀಸರು ಹಿಡಿದುಕೊಂಡು ಹೋದರು, ಕೋರ್ಟಿನಲ್ಲಿ ಖುಲಾಸೆ ಆಯಿತು. ಕ್ಲಬ್ ಇವತ್ತಿಗೂ ಇದೆ. ಅಪ್ಪ ಬೋರ್ಡ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ "ಸಿಗ್ನಲ್ ಬಿತ್ತು, ನಡಿ" ಅಂದರು.

ಅಂಗಡಿ ಕಟ್ಟಡ ತ್ರಿಕೋನ ಮೂಲೆಯದ್ದು, 1906ರ ಭೂಕಂಪ ಆದ ಮೇಲೆ ಕಟ್ಟಿದ್ದು. 1953ರಲ್ಲಿ ಪೀಟರ್ ಮಾರ್ಟಿನ್, ಲಾರೆನ್ಸ್ ಫರ್ಲಿಂಗೆಟಿ ಅಂತ ಇಬ್ಬರು ತಲಾ 500 ಡಾಲರ್ ಹಾಕಿ ಶುರು ಮಾಡಿದರು. ಬರೀ ಪೇಪರ್‌ಬ್ಯಾಕ್ ಮಾರುವ ಅಂಗಡಿ ಅಮೆರಿಕದಲ್ಲಿ ಅದೇ ಮೊದಲಂತೆ. ಆಗೆಲ್ಲ ಮರ್ಯಾದಸ್ಥ ಪುಸ್ತಕ ಅಂದರೆ ಗಟ್ಟಿ ರಟ್ಟು, ಪೇಪರ್‌ಬ್ಯಾಕ್ ಅಂದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಅಗ್ಗದ ಮಾಲು. ಎರಡು ವರ್ಷಕ್ಕೆ ಮಾರ್ಟಿನ್ ಬಿಟ್ಟುಹೋದರು. ಫರ್ಲಿಂಗೆಟಿ 2021ರ ತನಕ ಬದುಕಿದ್ದರು, ನೂರಾ ಒಂದು ವರ್ಷ.

ಒಳಗೆ ಮೂರು ಅಂತಸ್ತು. ಎಲ್ಲ ಮೆಟ್ಟಿಲೇ. ಅಪ್ಪನ ಮೊಣಕಾಲಿಗೆ ಕೆಳಗಿನ ನೆಲಮಾಳಿಗೆ ಒಂದು ಪರೀಕ್ಷೆ, ಮೇಲಿನ ಕವಿತೆಯ ಕೋಣೆ ಇನ್ನೊಂದು. ನೆಲಮಾಳಿಗೆಯಲ್ಲಿ ಹಿಂದೆ ಯಾವುದೋ ಕ್ರೈಸ್ತ ಪಂಗಡದವರು ಪ್ರಾರ್ಥನೆ ಮಾಡುತ್ತಿದ್ದರಂತೆ, ಅವರು ಬರೆಸಿದ ಬೈಬಲ್ ಮಾತು ಈಗಲೂ ಅಲ್ಲಿದೆ. "ನಾನೇ ಬಾಗಿಲು" ಅಂತ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದು ನನಗೆ ಬಹಳ ಇಷ್ಟ. ಅಂಗಡಿ ತುಂಬ ಕೈಯಲ್ಲಿ ಬರೆದ ಬೋರ್ಡುಗಳು. ಒಂದರಲ್ಲಿ, ಕೂತ್ಕೊಳ್ಳಿ, ಪುಸ್ತಕ ಓದಿ ಅಂತ. ಪುಸ್ತಕ ಮುಟ್ಟಿದರೆ ಮುಖ ಸಿಂಡರಿಸುವ ಅಂಗಡಿಗಳನ್ನು ಕಂಡ ಅಪ್ಪನಿಗೆ ಅದನ್ನು ನಂಬಲು ಐದು ನಿಮಿಷ ಬೇಕಾಯಿತು. ನಂಬಿದ ಮೇಲೆ ಎರಡು ಗಂಟೆ ಎದ್ದೇಳಲಿಲ್ಲ!

ಮೇಲಿನ ಕೋಣೆಯಲ್ಲಿ ಕಿಟಕಿ ಪಕ್ಕ ಕುರ್ಚಿ ಸಿಕ್ಕಿತು. ನಾನು ಒಂದು ಪುಟ್ಟ ಪುಸ್ತಕ ತಂದು ಅವರ ಕೈಗಿಟ್ಟೆ. ಕಪ್ಪು ಬಿಳುಪು ಮುಖಪುಟ, ಅಂಗೈಗಿಂತ ಸ್ವಲ್ಪ ದೊಡ್ಡದು, ಜುಬ್ಬಾ ಜೇಬಿನಲ್ಲಿ ಇಡಬಹುದು. ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಅವರ 'ಹೌಲ್'. ಹೌಲ್ ಅಂದರೆ ಊಳು. ಈ ಅಂಗಡಿಯವರೇ 1956ರಲ್ಲಿ ಛಾಪಿಸಿದ್ದು, ಬೆಲೆ 75 ಸೆಂಟ್ಸ್. (ಈಗ ಹತ್ತು ಪಟ್ಟಿಗಿಂತ ಜಾಸ್ತಿ.) ಗಂಡಸರು ಗಂಡಸರ ಜೊತೆ ಮಲಗುವ ಮಾತು ಅದರಲ್ಲಿ ನೇರವಾಗಿಯೇ ಇದೆ. ಮೊದಲ ಮುದ್ರಣದಲ್ಲಿ ಕೆಲವು ಪದಗಳ ಜಾಗದಲ್ಲಿ ಚುಕ್ಕಿ ಇಟ್ಟಿದ್ದರು. ಚುಕ್ಕಿ ಇಟ್ಟರೂ ಉಪಯೋಗ ಆಗಲಿಲ್ಲ.

ಮುದ್ರಣ ಆಗಿದ್ದು ಇಂಗ್ಲೆಂಡಿನಲ್ಲಿ. 1957ರ ಮಾರ್ಚ್‌ನಲ್ಲಿ ಕಸ್ಟಮ್ಸ್‌ನವರು 520 ಪ್ರತಿ ತಡೆದು ಹಿಡಿದರು. ಕೇಂದ್ರ ಸರ್ಕಾರದ ವಕೀಲರು ಕೇಸು ನಡೆಸಲ್ಲ ಅಂದ ಮೇಲೆ ಬಿಟ್ಟರು. ಅಲ್ಲಿಗೆ ಮುಗೀತು ಅಂದುಕೊಳ್ಳುವಷ್ಟರಲ್ಲಿ ಊರಿನ ಪೊಲೀಸರು ಬಂದರು. ಜೂನ್ 3ನೇ ತಾರೀಖು, ಸಾದಾ ಬಟ್ಟೆಯಲ್ಲಿ ಇಬ್ಬರು ಗಿರಾಕಿಗಳ ಹಾಗೆ ಒಳಗೆ ಬಂದು ಒಂದು 'ಹೌಲ್' ತೆಗೆದುಕೊಂಡರು. ಕೌಂಟರ್‌ನಲ್ಲಿ ಇದ್ದವರು ಶಿಗ್ ಮುರಾವೊ. ದುಡ್ಡು ತೆಗೆದುಕೊಂಡು ಪುಸ್ತಕ ಕೊಟ್ಟರು. ಅದೇ ಅಪರಾಧ, ಅಶ್ಲೀಲ ಪುಸ್ತಕ ಮಾರಿದ್ದು. ಅರೆಸ್ಟ್.

ಅಪ್ಪ ತಲೆ ಎತ್ತಿ ಕೇಳಿದರು, "ಮಾರಿದವನನ್ನ ಯಾಕೆ ಹಿಡಿದ್ರು? ಬರೆದವನು ಎಲ್ಲಿದ್ದ?"

ಬರೆದವರು ಆಗ ದೇಶದಲ್ಲೇ ಇರಲಿಲ್ಲ, ಮೊರೊಕ್ಕೊ, ಯುರೋಪ್ ಅಂತ ತಿರುಗುತ್ತಿದ್ದರು. ಅವರ ಮೇಲೆ ಕೇಸೂ ಹಾಕಲಿಲ್ಲ. ಕೌಂಟರ್‌ನಲ್ಲಿದ್ದವನು ಸಿಕ್ಕಿಬಿದ್ದ. ಆಮೇಲೆ ಫರ್ಲಿಂಗೆಟಿ ಮೇಲೂ ಕೇಸ್ ಆಯಿತು, ಅದು ಬೇರೆ. ಆದರೆ ನನಗೆ ಈ ಅಂಗಡಿಗೆ ಬಂದಾಗಲೆಲ್ಲ ನೆನಪಾಗುವುದು ಶಿಗ್ ಅವರೇ. ಜಪಾನಿ ಮೂಲದ ಅಮೆರಿಕನ್, ಸಿಯಾಟಲ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಅನ್ನುವ ಒಂದೇ ಕಾರಣಕ್ಕೆ ಇಡೀ ಕುಟುಂಬವನ್ನು ಕ್ಯಾಂಪಿಗೆ ಹಾಕಿದ್ದರು. ಆಮೇಲೆ ಅದೇ ದೇಶದ ಸೈನ್ಯದಲ್ಲೂ ಕೆಲಸ ಮಾಡಿದರು. ಇಷ್ಟೆಲ್ಲ ಆದ ಮೇಲೆ 75 ಸೆಂಟ್ಸಿನ ಕವಿತೆ ಮಾರಿದ್ದಕ್ಕೆ ಠಾಣೆಗೆ ಹೋಗಿ ಬೆರಳಚ್ಚು ಕೊಡಬೇಕಾಯಿತು.

ಇದು ಅಮೆರಿಕದ ಕಥೆ ಮಾತ್ರ ಅಲ್ಲ ನೋಡಿ. ನಮ್ಮಲ್ಲೂ ಬಾಂಬೆಯಲ್ಲಿ ಪುಸ್ತಕದ ಮಳಿಗೆ ಇಟ್ಟುಕೊಂಡಿದ್ದ ರಂಜಿತ್ ಉದೇಶಿ, ಡಿ.ಎಚ್. ಲಾರೆನ್ಸ್ ಕಾದಂಬರಿ 'ಲೇಡಿ ಚಾಟರ್ಲೀಸ್ ಲವರ್' ಮಾರಿದ್ದಕ್ಕೆ ಸಿಕ್ಕಿಬಿದ್ದು, ಸುಪ್ರೀಂ ಕೋರ್ಟಿನವರೆಗೆ ಹೋಗಿ, 1964ರಲ್ಲಿ ಅಲ್ಲೂ ಸೋತರು. ಅದೇ ಪುಸ್ತಕಕ್ಕೆ ಅಮೆರಿಕದ ಕೋರ್ಟ್ 1959ರಲ್ಲೇ ಬಿಡುಗಡೆ ಕೊಟ್ಟಿತ್ತು. ನಮ್ಮ ನ್ಯಾಯಾಲಯ ಹಿಡಿದುಕೊಂಡಿದ್ದು 1868ರ ಇಂಗ್ಲೆಂಡಿನ ಒಂದು ಅಳತೆಗೋಲು: ಬೇಗ ಕೆಟ್ಟುಹೋಗುವ ಮನಸ್ಸಿನವರ ಕೈಗೆ ಇದು ಸಿಕ್ಕಿದರೆ ಏನಾದೀತು ಅಂತ. ಅದನ್ನು ನಮ್ಮ ಸುಪ್ರೀಂ ಕೋರ್ಟ್ ಬಿಟ್ಟಿದ್ದು 2014ರಲ್ಲಿ. ಅಪ್ಪ ಸುಮ್ಮನೆ ಕೇಳಿಸಿಕೊಂಡರು.

ಹೌಲ್ ಕೇಸಿನ ಜಡ್ಜ್ ಕ್ಲೇಟನ್ ಹಾರ್ನ್. ಭಾನುವಾರ ಬೈಬಲ್ ಪಾಠ ಹೇಳುವ ಮನುಷ್ಯ. ಅಂಗಡಿಯಲ್ಲಿ ಕದ್ದ ಐದು ಹೆಂಗಸರಿಗೆ 'ಟೆನ್ ಕಮಾಂಡ್‌ಮೆಂಟ್ಸ್' ಸಿನಿಮಾ ನೋಡಿ ಬಂದು ಪ್ರಬಂಧ ಬರೆಯಿರಿ ಅಂತ ಶಿಕ್ಷೆ ಕೊಟ್ಟಿದ್ದರಂತೆ! ಇಂಥವರ ಮುಂದೆ ಈ ಕವಿತೆ. ಎಲ್ಲರೂ ಕೇಸು ಹೋಯಿತು ಅಂದುಕೊಂಡಿರಬೇಕು. ಪ್ರತಿವಾದಿ ಕಡೆಯಿಂದ ಒಂಬತ್ತು ಜನ ಸಾಕ್ಷಿಗಳು ಬಂದರು, ಪ್ರೊಫೆಸರುಗಳು, ವಿಮರ್ಶಕರು, ಹೀಗೆ. ಸರ್ಕಾರಿ ವಕೀಲರು ಒಂದೊಂದು ಸಾಲು ಹಿಡಿದು ಇದರ ಅರ್ಥ ಏನು, ಅದರ ಅರ್ಥ ಏನು ಅಂತ ಕೇಳುತ್ತಾ ಹೋದರು. ಮಾರ್ಕ್ ಶೋರರ್ ಎಂಬ ಪ್ರೊಫೆಸರ್ ಕೊಟ್ಟ ಉತ್ತರ ಇಷ್ಟೇ: ಪದ್ಯವನ್ನು ಗದ್ಯಕ್ಕೆ ತಿರುಗಿಸೋಕೆ ಆಗಲ್ಲ ಸ್ವಾಮಿ, ಅದಕ್ಕೇ ಅದು ಪದ್ಯ.

ಅಪ್ಪ ಜೋರಾಗಿ ನಕ್ಕರು. ಪಕ್ಕದಲ್ಲಿ ಓದುತ್ತಿದ್ದ ಹುಡುಗಿ ತಿರುಗಿ ನೋಡಿದಳು. "ಮೂವತ್ತು ವರ್ಷ 'ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ' ಅಂತ ಪ್ರಶ್ನೆ ಕೊಟ್ಟವನು ನಾನು. ಒಬ್ಬ ಹುಡುಗನೂ ಹೀಗೆ ಬರೀಲಿಲ್ಲ. ಬರೆದಿದ್ರೆ ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ."

(ಕೊಡುತ್ತಿರಲಿಲ್ಲ. ನಾನು ಅವರ ಕ್ಲಾಸಿನಲ್ಲೇ ಕೂತವಳು. ಹಳಗನ್ನಡ ಕಾವ್ಯದಲ್ಲಿ ಶೃಂಗಾರದ ವರ್ಣನೆ ಬಂತು ಅಂದರೆ ಗಂಟಲು ಸರಿ ಮಾಡಿಕೊಂಡು, "ಈ ನಾಲ್ಕು ಪದ್ಯ ಬಿಡಿ, ಪರೀಕ್ಷೆಗೆ ಬರಲ್ಲ" ಅನ್ನುತ್ತಿದ್ದರು. ಇಡೀ ಕ್ಲಾಸು ಮನೆಗೆ ಹೋಗಿ ಮೊದಲು ಓದುತ್ತಿದ್ದದ್ದು ಆ ನಾಲ್ಕು ಪದ್ಯವನ್ನೇ. ಹಳಗನ್ನಡ ನಿಘಂಟನ್ನು ನಾನು ಸ್ವಂತ ಆಸಕ್ತಿಯಿಂದ ತೆಗೆದಿದ್ದು ಅದೊಂದೇ ಕಾರಣಕ್ಕೆ.)

ಶಿಗ್ ಮೇಲಿನ ಕೇಸನ್ನು ವಿಚಾರಣೆ ನಡುವೆಯೇ ಕೈಬಿಟ್ಟರು. ಅಕ್ಟೋಬರ್ 3ಕ್ಕೆ ತೀರ್ಪು: ಸಮಾಜಕ್ಕೆ ಎಳ್ಳಷ್ಟಾದರೂ ಉಪಯೋಗ ಇರುವ ಬರಹ ಅಶ್ಲೀಲ ಅಲ್ಲ, ಫರ್ಲಿಂಗೆಟಿ ನಿರ್ದೋಷಿ. ಈ ಮಾತನ್ನು ಹಾರ್ನ್ ತಮ್ಮ ಜೇಬಿನಿಂದ ತೆಗೆದಿದ್ದಲ್ಲ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಮ್ಯುಯೆಲ್ ರಾತ್ ಎಂಬ ನ್ಯೂಯಾರ್ಕಿನ ಪುಸ್ತಕ ವ್ಯಾಪಾರಿಯ ಕೇಸಿನಲ್ಲಿ ಹೇಳಿದ್ದ ಮಾತಿನ ಆಧಾರ ಅದು. ಅಶ್ಲೀಲಕ್ಕೆ ಸಂವಿಧಾನದ ಮೊದಲ ತಿದ್ದುಪಡಿಯ (ಅಂದರೆ ವಾಕ್ ಸ್ವಾತಂತ್ರ್ಯದ) ರಕ್ಷಣೆ ಇಲ್ಲ, ಯಾಕಂದರೆ ಅದರಲ್ಲಿ ಸಾಮಾಜಿಕ ಮೌಲ್ಯ ಏನೂ ಇಲ್ಲ ಅಂತ. ಹಾರ್ನ್ ಅದನ್ನೇ ತಿರುಗಿಸಿದರು: ಹಾಗಾದರೆ ಮೌಲ್ಯ ಇರುವುದು ಅಶ್ಲೀಲ ಅಲ್ಲ. ಪಾಪ, ರಾತ್ ಮಾತ್ರ ಸೋತು ಐದು ವರ್ಷದ ಶಿಕ್ಷೆಗೆ ಹೋದರು. ಅವರ ಸೋಲಿನ ತೀರ್ಪಿನಿಂದ ಬೇರೆಯವರು ಬಚಾವಾದರು.

ಇದೇ ಬ್ರಾಡ್‌ವೇಯಲ್ಲಿ ಸ್ವಲ್ಪ ಮುಂದೆ ಜಾಝ್ ವರ್ಕ್‌ಶಾಪ್ ಅಂತ ಕ್ಲಬ್ ಇತ್ತು. 1961ರಲ್ಲಿ ಅಲ್ಲಿ ಲೆನಿ ಬ್ರೂಸ್ ಎಂಬ ಹಾಸ್ಯಗಾರ ವೇದಿಕೆ ಮೇಲೆ ಒಂದು ಪದ ಹೇಳಿದ್ದಕ್ಕೆ ಅರೆಸ್ಟ್ ಆದ. ಆ ಕೇಸೂ ಕೊನೆಗೆ ಬಂದಿದ್ದು ಹಾರ್ನ್ ಮುಂದೆಯೇ, ಅಲ್ಲೂ ಬಿಡುಗಡೆ. ಆದರೆ 1964ರಲ್ಲಿ ನ್ಯೂಯಾರ್ಕ್ ಕೋರ್ಟ್ ಅದೇ ಮನುಷ್ಯನಿಗೆ ಶಿಕ್ಷೆ ಕೊಟ್ಟಿತು. 1966ರಲ್ಲಿ ಸತ್ತ. ನ್ಯೂಯಾರ್ಕ್ ಗವರ್ನರ್ ಕ್ಷಮಾಪಣೆ ಕೊಟ್ಟಿದ್ದು 2003ರಲ್ಲಿ, ಸತ್ತು 37 ವರ್ಷ ಆದ ಮೇಲೆ. ಒಂದೇ ದೇಶ, ಒಂದೇ ತಿದ್ದುಪಡಿ, ಊರು ಬೇರೆ ಆದರೆ ಫಲಿತಾಂಶ ಬೇರೆ.

ಊರು ಬೇರೆ ಅನ್ನುವುದನ್ನು 1973ರಲ್ಲಿ ಸುಪ್ರೀಂ ಕೋರ್ಟ್ ನಿಯಮವೇ ಮಾಡಿಬಿಟ್ಟಿತು. ಈ ಕೇಸು ನನಗೆ ಬಹಳ ತಮಾಷೆ ಅನಿಸುತ್ತೆ. ಇದೇ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನ ಒಂದು ಹೋಟೆಲಿಗೆ ಅಂಚೆಯಲ್ಲಿ ಕವರ್ ಬರುತ್ತೆ. ಮ್ಯಾನೇಜರ್ ಒಡೆಯುತ್ತಾನೆ. ಪಕ್ಕದಲ್ಲಿ ಅವನ ಅಮ್ಮ! ಒಳಗೆ ಅಂಥಾ ಪುಸ್ತಕಗಳ ಜಾಹೀರಾತು, ಚಿತ್ರ ಸಮೇತ. ಯಾರೂ ಕೇಳಿರಲಿಲ್ಲ. ಪೊಲೀಸರಿಗೆ ದೂರು ಹೋಯಿತು. ಕಳಿಸಿದ ಮಾರ್ವಿನ್ ಮಿಲ್ಲರ್ ಸುಪ್ರೀಂ ಕೋರ್ಟಿನವರೆಗೆ ಹೋದ. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಇವತ್ತಿಗೂ ನಡೆಯುತ್ತಿರುವುದು ಆ ತೀರ್ಪೇ. ಮೂರು ಪ್ರಶ್ನೆ ಕೇಳಬೇಕು: ಆ ಊರಿನ ಸಾಮಾನ್ಯ ಮನುಷ್ಯನ ಕಣ್ಣಿಗೆ ಇದು ಬರೀ ಕಾಮ ಕೆರಳಿಸುವುದಕ್ಕೆ ಇದ್ದ ಹಾಗೆ ಕಾಣುತ್ತಾ, ರಾಜ್ಯದ ಕಾನೂನು ಹೆಸರಿಸಿದ ಲೈಂಗಿಕ ಕ್ರಿಯೆಯನ್ನು ಅಸಹ್ಯ ಆಗುವ ಹಾಗೆ ತೋರಿಸಿದೆಯಾ, ಒಟ್ಟಾರೆ ನೋಡಿದರೆ ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನ ಯಾವುದರಲ್ಲೂ ಗಂಭೀರ ಬೆಲೆ ಇಲ್ಲವಾ. ಮೂರಕ್ಕೂ ಹೌದು ಅಂದರೆ ಮಾತ್ರ ಅಶ್ಲೀಲ.

ಮಕ್ಕಳ ವಿಷಯಕ್ಕೆ ಬಂದರೆ ಅಳತೆ ಬೇರೆ. ಅಲ್ಲೂ ಕೌಂಟರ್‌ನವನೇ ಸಿಕ್ಕಿಬಿದ್ದಿದ್ದು. ಲಾಂಗ್ ಐಲ್ಯಾಂಡ್‌ನಲ್ಲಿ ಪೆನ್ನು, ಪೇಪರ್, ತಿಂಡಿ ಮಾರುವ ಸಣ್ಣ ಅಂಗಡಿಯ ಸ್ಯಾಮ್ ಗಿನ್ಸ್‌ಬರ್ಗ್ (ಕವಿ ಅಲ್ಲ, ಬೇರೆ ಗಿನ್ಸ್‌ಬರ್ಗ್) ಹದಿನಾರರ ಹುಡುಗನಿಗೆ ಬೆತ್ತಲೆ ಚಿತ್ರದ ಎರಡು ಪತ್ರಿಕೆ ಮಾರಿದ, 1968ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆ ಸರಿ ಅಂತು. ನನಗೂ ಹದಿಮೂರು ವರ್ಷದ ಮಗ ಇದ್ದಾನೆ, ಆ ತೀರ್ಪಿಗೆ ನನ್ನ ತಕರಾರಿಲ್ಲ. 2025ರ ಜೂನ್ 27ಕ್ಕೆ ಬಂದ ಟೆಕ್ಸಾಸ್ ತೀರ್ಪಿನಲ್ಲೇ ನಾನು ಸಿಕ್ಕಿಹಾಕಿಕೊಳ್ಳುವುದು. ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಮಕ್ಕಳಿಗೆ ಆಗದ ಲೈಂಗಿಕ ಸರಕು ಇರುವ ವೆಬ್‌ಸೈಟ್ ಬಂದವರ ವಯಸ್ಸು ಪರೀಕ್ಷೆ ಮಾಡಲೇಬೇಕು, ದೊಡ್ಡವರೂ ಗುರುತು ತೋರಿಸಬೇಕು ಅಂತ ಆ ರಾಜ್ಯದ ಕಾನೂನು. ಆರಕ್ಕೆ ಮೂರು ಮತದಲ್ಲಿ ಸುಪ್ರೀಂ ಕೋರ್ಟ್ ಸರಿ ಅಂತು. ಉದ್ದೇಶ ಅರ್ಥವಾಗುತ್ತೆ. ಆದರೆ ಶಿಗ್ ನನ್ನ ಮುಖ ನೋಡಿ, ವಯಸ್ಸು ಅಂದಾಜು ಮಾಡಿ, ಚಿಲ್ಲರೆ ಕೊಟ್ಟು ಮರೆತುಬಿಡುತ್ತಿದ್ದರು. ವೆಬ್‌ಸೈಟ್ ಮರೆಯುತ್ತಾ? ಇಟ್ಟುಕೊಳ್ಳಬಾರದು ಅಂತ ಆ ಕಾನೂನಿನಲ್ಲೇ ಬರೆದಿದ್ದಾರೆ, ನಿಜ. ಕೊಡುವವರಿಗೂ ಧೈರ್ಯ ಬರಬೇಕಲ್ವಾ.

ಇನ್ನೊಂದು ವಿಷಯ ಹೇಳದಿದ್ದರೆ ಹೊಟ್ಟೆ ತಣ್ಣಗಾಗಲ್ಲ. ಹೋದ ವರ್ಷ ಊರಿಗೆ ಹೋದಾಗ ಬೇಲೂರಿನಲ್ಲಿ ದರ್ಪಣ ಸುಂದರಿಯ ಫೋಟೊ ತೆಗೆದು ಒಂದು ದೊಡ್ಡ ಆ್ಯಪ್‌ನಲ್ಲಿ ಹಾಕಿದ್ದೆ. ಅದೇ, ಕನ್ನಡಿ ಹಿಡಿದು ನಿಂತ ಶಿಲಾಬಾಲಿಕೆ. 1117ರಲ್ಲಿ ಪ್ರತಿಷ್ಠೆ ಆದ ದೇವಸ್ಥಾನ. ಹತ್ತು ನಿಮಿಷಕ್ಕೆ ತೆಗೆದುಹಾಕಿದರು, 'ನಗ್ನತೆ' ಅಂತ! ಒಂದು ದಿನ ನನ್ನ ಖಾತೆಯೂ ಬಂದ್. ಮೇಲ್ಮನವಿ ಬಟನ್ ಒತ್ತಿದೆ, ಉತ್ತರ ಬರಲೇ ಇಲ್ಲ. ಇಲ್ಲಿನ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ. ಖಾಸಗಿ ಕಂಪನಿ ತನ್ನ ಅಂಗಡಿಯಲ್ಲಿ ಏನಿಡಬೇಕು ಅಂತ ತಾನೇ ತೀರ್ಮಾನಿಸಬಹುದು. ಕಾನೂನು ಪ್ರಕಾರ ಸರಿಯೇ. ಆದರೆ ಇಲ್ಲಿ ಜಡ್ಜೂ ಇಲ್ಲ, ಒಂಬತ್ತು ಸಾಕ್ಷಿಯೂ ಇಲ್ಲ, ಕೌಂಟರ್ ಹಿಂದೆ ಮನುಷ್ಯನೂ ಇಲ್ಲ. ಇದನ್ನು ಕೇಳಿ ಅಪ್ಪ ನಿಜವಾಗಿ ಸಿಟ್ಟಾದರು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಬೇಲೂರಿಗೆ ಕರೆದೊಯ್ದು ಅದೇ ಶಿಲ್ಪದ ಮುಂದೆ ಅರ್ಧ ಗಂಟೆ ಮಾತಾಡುತ್ತಿದ್ದವರು ಅವರು. ಕಲ್ಲಿನ ಬಗ್ಗೆ ಮಾತಾಡೋಕೆ ಅವರಿಗೆ ಯಾವತ್ತೂ ಗಂಟಲು ಕಟ್ಟಿದ್ದಿಲ್ಲ, ಪದ್ಯಕ್ಕೆ ಮಾತ್ರ. ಯಾಕೋ ಕೇಳಬೇಕು ಅನಿಸಿತು, ಕೇಳಲಿಲ್ಲ.

ಈ 'ಹೌಲ್' ಕಥೆಗೆ ಬಾಲವೂ ಒಂದಿದೆ. ರೇಡಿಯೊದಲ್ಲಿ ಅಸಭ್ಯ ಮಾತಿಗೆ ಇಲ್ಲಿ ಬೇರೆಯೇ ಕಾನೂನು, ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಆಡಬಾರದು. 2006ರಲ್ಲಿ ದಂಡವನ್ನು ಒಂದು ತಪ್ಪಿಗೆ 3,25,000 ಡಾಲರ್ ತನಕ ಏರಿಸಿದರು. ಮರುವರ್ಷ, ತೀರ್ಪು ಬಂದು ಸರಿಯಾಗಿ ಐವತ್ತು ವರ್ಷ ಆದ ದಿನ ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೊದವರು ಈ ಕವಿತೆ ಪ್ರಸಾರ ಮಾಡಬೇಕು ಅಂದುಕೊಂಡರು, ಆಮೇಲೆ ದಂಡಕ್ಕೆ ಹೆದರಿ ಬಿಟ್ಟು ಇಂಟರ್‌ನೆಟ್‌ನಲ್ಲಿ ಮಾತ್ರ ಹಾಕಿದರು. ಕೋರ್ಟಿನಲ್ಲಿ ಗೆದ್ದ ಕವಿತೆ ರೇಡಿಯೊದಲ್ಲಿ ಬರಲಿಲ್ಲ. ಯಾರೂ ನಿಷೇಧಿಸಿರಲಿಲ್ಲ. ಲೆಕ್ಕ ಹಾಕಿ ನೋಡಿದರು, ಅಷ್ಟೇ.

ಅಂಗಡಿಗೆ ವಾಪಸ್ ಬರೋಣ. ಜೋಡಿಸಿರುವ ಕ್ರಮ ಬೇರೆ ಕಡೆಯಂತಿಲ್ಲ, ಅಲ್ಲಿನ ಕೆಲವು ವಿಭಾಗಗಳ ಹೆಸರು ಓದುವುದೇ ಒಂದು ಮಜಾ. ರಾಜಕೀಯ, ಅನುವಾದ, ಕವಿತೆ ಚೆನ್ನಾಗಿದೆ. ಟಿ-ಶರ್ಟ್, ಚೀಲ ತೆಗೆದುಕೊಂಡು ಫೋಟೊ ಹೊಡೆಸಿಕೊಂಡು ಹೋಗುವ ಪ್ರವಾಸಿಗರು ಜಾಸ್ತಿ, ಆದರೆ ಮೇಲಿನ ಕೋಣೆಗೆ ಅವರು ಅಷ್ಟಾಗಿ ಹತ್ತಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪುಸ್ತಕವನ್ನು ಇಲ್ಲಿ ಯಾಕೆ ತಗೋಬೇಕು ಅಂತ ಕೇಳುವವರಿಗೆ, ಆ ಕುರ್ಚಿಯಲ್ಲಿ ಎರಡು ಗಂಟೆ ಕೂತ ಬಾಡಿಗೆ ಅಂದುಕೊಳ್ಳಿ. ಸ್ಟಾರ್ ಐದಕ್ಕೆ ಐದು. ಮೊಣಕಾಲು ನೋವಿದ್ದರೆ ಅರ್ಧ ಕಳೆದುಕೊಳ್ಳಿ. ಹೊರಗೆ ಬಂದರೆ ಪಕ್ಕದ್ದೇ ಜಾಕ್ ಕೆರುವಾಕ್ ಓಣಿ, ನೆಲದ ಕಲ್ಲಿನಲ್ಲಿ ಕವಿತೆಯ ಸಾಲು ಕೆತ್ತಿದ್ದಾರೆ, ಮೆಟ್ಟಿಕೊಂಡೇ ಓದಬೇಕು. ಅಪ್ಪ ಚಪ್ಪಲಿ ಬಿಡಲು ಹೊರಟರು, ನಾನು ತಡೆದೆ.

ಬಿಲ್ ಮಾಡಿಸುವಾಗ ಅಪ್ಪನೇ ದುಡ್ಡು ಕೊಟ್ಟರು, ನೋಟಿನಲ್ಲಿ. ಕೌಂಟರ್‌ನ ಹುಡುಗ ಪುಸ್ತಕ ನೋಡಿದ, ಅಪ್ಪನ ಜುಬ್ಬಾ ನೋಡಿದ, ನಕ್ಕು, ಚೀಲ ಬೇಕಾ ಅಂತ ಕೇಳಿದ. ಅಷ್ಟೇ ಕೇಳಿದ್ದು. ವಯಸ್ಸು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಅಪ್ಪ ಚೀಲ ಬೇಡ ಅಂದರು.

ರೈಲಿನಲ್ಲಿ ಓಕ್‌ಲ್ಯಾಂಡ್ ದಾಟಿದ ಮೇಲೆ ನೋಡುತ್ತೇನೆ, ಪುಸ್ತಕ ತೆರೆದುಕೊಂಡು ಬೆರಳಿಟ್ಟು ಓದುತ್ತಿದ್ದಾರೆ. ಪೂರ್ತಿ, ಒಂದು ಸಾಲೂ ಬಿಡದೆ. ಇದ್ದಕ್ಕಿದ್ದ ಹಾಗೆ ಒಂದು ಪದದ ಮೇಲೆ ಬೆರಳು ನಿಂತಿತು. ನನ್ನ ಕಡೆ ತಿರುಗಿ, ಅರ್ಧ ಬೋಗಿಗೆ ಕೇಳುವಷ್ಟು ದೊಡ್ಡ ಮೇಷ್ಟ್ರ ದನಿಯಲ್ಲಿ ಆ ಇಂಗ್ಲಿಷ್ ಪದ ಹೇಳಿ, "ಹಾಗಂದ್ರೆ ಏನೇ?" ಅಂದರು.

ಎದುರಿಗೆ ಕೂತಿದ್ದ ಹೆಂಗಸು ಮೊಬೈಲಿನಿಂದ ತಲೆ ಎತ್ತಿದಳು.

"ಅದು ಬಿಡಿ ಅಪ್ಪ," ಅಂದೆ, "ಪರೀಕ್ಷೆಗೆ ಬರಲ್ಲ."